ತಾಮ್ರದ ಲೆಕ್ಕ ಯಾರ ಪುಸ್ತಕದಲ್ಲಿದೆ?

ಚಳ್ಳಕೆರೆ ತಾಲ್ಲೂಕಿನ ಕುದಾಪುರಕ್ಕೂ ಮಲೆನಾಡಿನ ಅಡಿಕೆ ತೋಟಗಳಿಗೂ ಏನು ಸಂಬಂಧವೆಂದು ಕೇಳುವವರು ಬೇಸಿಗೆಯಲ್ಲಿ ಮಲೆನಾಡಿನತ್ತ ಬರುವ ಲಾರಿಗಳನ್ನೊಮ್ಮೆ ನೋಡಬೇಕು. ಅವುಗಳಲ್ಲಿ ತುಂಬಿರುವುದು ಬಯಲುಸೀಮೆಯ ಕುರಿಗೊಬ್ಬರ. ತೋಟದ ಮಣ್ಣಿನ ಕಸುವಿನಲ್ಲಿ ಒಂದು ಪಾಲು ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಸೀಮೆಯ ಕುರಿಗಳ ಹೊಟ್ಟೆಯಿಂದ ಬಂದದ್ದು. ಗೊಬ್ಬರದ ದರವನ್ನು ಚೌಕಾಶಿ ಮಾಡಿ ಕೊಳ್ಳುವ ಮಲೆನಾಡು, ಆ ಕುರಿ ಏನು ತಿನ್ನುತ್ತಿದೆ, ಏತಕ್ಕೆ ಸಾಯುತ್ತಿದೆ ಎಂಬುದನ್ನು ಕೇಳುವ ಗೋಜಿಗೆ ಹೋಗುವುದಿಲ್ಲ. ಸರ್ಕಾರದ ಇಲಾಖೆಗಳಂತೂ ಕೇಳುವುದೇ ಇಲ್ಲ. ಈ ಕೇಳದಿರುವಿಕೆಯ ನಡುವೆ ಸದ್ದಿಲ್ಲದೆ ಶೇಖರವಾಗುತ್ತಿರುವ ಲೋಹವೊಂದಿದೆ. ಅದು ತಾಮ್ರ. ಮಣ್ಣಿನಲ್ಲಿ, ಕುರಿಯ ಯಕೃತ್ತಿನಲ್ಲಿ, ಕೆಲವು ನತದೃಷ್ಟ ಮನೆಗಳ ಮಕ್ಕಳ ಮೈಯಲ್ಲಿ ಅದು ಕೂಡಿಕೊಳ್ಳುವ ಬಗೆ ಒಂದೇ. ಅದನ್ನು ಕಡೆಗಣಿಸುವ ನಮ್ಮ ಬಗೆಯೂ ಒಂದೇ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತಾಮ್ರ ಶತ್ರುವಲ್ಲ. ಚಳ್ಳಕೆರೆಯ ಕರಿ ಕಂಬಳಿ ಕರಿಯದಾಗಿರುವುದೇ ತಾಮ್ರದಿಂದ. ಉಣ್ಣೆಗೆ ಕಪ್ಪು ಬಣ್ಣ ಕಟ್ಟುವ ಕಿಣ್ವ ಕೆಲಸ ಮಾಡಬೇಕಾದರೆ ಅದಕ್ಕೆ ತಾಮ್ರ ಬೇಕು. ಮೇವಿನಲ್ಲಿ ತಾಮ್ರ ಕಡಿಮೆಯಾದರೆ, ಅಥವಾ ಮಣ್ಣಿನಲ್ಲಿ ಮಾಲಿಬ್ಡಿನಂ ಮತ್ತು ಗಂಧಕ ಹೆಚ್ಚಾಗಿ ತಾಮ್ರವನ್ನು ಮೈಗೆ ಹತ್ತಗೊಡದಿದ್ದರೆ, ಕರಿ ಕುರಿಯ ಉಣ್ಣೆ ಬೂದುಬಣ್ಣಕ್ಕೆ ತಿರುಗುತ್ತದೆ, ಗುಂಗುರು ಕಳೆದುಕೊಂಡು ನೇರವಾಗುತ್ತದೆ. ಕೊರತೆ ತೀವ್ರವಾದರೆ ಹುಟ್ಟಿದ ಮರಿಗಳ ಹಿಂಗಾಲು ನಿಲ್ಲುವುದಿಲ್ಲ. ಮನುಷ್ಯನಿಗೂ ದಿನಕ್ಕೆ ಸುಮಾರು 1 ಮಿ.ಗ್ರಾಂ. ತಾಮ್ರ ಬೇಕು, ಇಲ್ಲವಾದರೆ ರಕ್ತಹೀನತೆ, ನರಗಳ ದೌರ್ಬಲ್ಯ. ವಯಸ್ಕನೊಬ್ಬನ ಇಡೀ ದೇಹದಲ್ಲಿರುವ ತಾಮ್ರ ಸುಮಾರು 100 ಮಿ.ಗ್ರಾಂ. ಮಾತ್ರ. ಊಟದಲ್ಲಿ ಹೆಚ್ಚಾಗಿ ಬಂದದ್ದನ್ನು ಯಕೃತ್ತು ಪಿತ್ತರಸದೊಡನೆ ಕರುಳಿಗೆ ಸಾಗಿಸಿ, ಮಲದ ಮೂಲಕ ಹೊರಹಾಕುತ್ತದೆ. ತಾಮ್ರ ಹೊರಹೋಗುವ ಹೆದ್ದಾರಿ ಇದೊಂದೇ. ಮೂತ್ರದಲ್ಲಿ ಹೋಗುವುದು ಅತ್ಯಲ್ಪ, ಬೆವರಿನದು ಲೆಕ್ಕಕ್ಕಿಲ್ಲ.

ಈ ಹೆದ್ದಾರಿ ಕುರಿಗೆ ಕಿರಿದು. ಇತರ ಸಾಕುಪ್ರಾಣಿಗಳಂತೆ ಹೆಚ್ಚುವರಿ ತಾಮ್ರವನ್ನು ಪಿತ್ತರಸಕ್ಕೆ ತಳ್ಳುವ ಸಾಮರ್ಥ್ಯ ಕುರಿಯ ಯಕೃತ್ತಿಗೆ ಇಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2005ರಲ್ಲಿ ಪ್ರಾಣಿಗಳು ಸಹಿಸಬಲ್ಲ ಖನಿಜಾಂಶಗಳ ಮಿತಿಯನ್ನು ಪ್ರಕಟಿಸಿತು. ಅದರ ಪ್ರಕಾರ ಒಂದು ಕಿಲೋ ಒಣ ಮೇವಿನಲ್ಲಿ ಕೋಳಿ ಮತ್ತು ಹಂದಿ 250 ಮಿ.ಗ್ರಾಂ. ತಾಮ್ರವನ್ನು ತಾಳಿಕೊಳ್ಳುತ್ತವೆ, ದನ 40 ಮಿ.ಗ್ರಾಂ. ತಾಳುತ್ತದೆ. ಕುರಿಯ ಮಿತಿ 15 ಮಿ.ಗ್ರಾಂ. ಕುರಿಗೆ ಅಗತ್ಯವಿರುವುದಕ್ಕೂ ಅದನ್ನು ಕೊಲ್ಲುವುದಕ್ಕೂ ನಡುವೆ ಇರುವ ಅಂತರ ಇಷ್ಟು ಕಿರಿದು. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಕಡಲಪಾಚಿ ತಿಂದು ಬದುಕುವ ಒಂದು ಕುರಿತಳಿಯಿದೆ. ಪಾಚಿಯಲ್ಲಿ ತಾಮ್ರ ತೀರ ಕಡಿಮೆ. ಹೀಗಾಗಿ ಆ ಕುರಿಗಳನ್ನು ಮಾಮೂಲಿ ಹುಲ್ಲುಗಾವಲಿಗೆ ತಂದು ಬಿಟ್ಟರೆ ಸಾಕು, ತಾಮ್ರದ ನಂಜೇರಿ ಸಾಯುತ್ತವೆ.

ಕುರಿಯಲ್ಲಿ ಈ ನಂಜು ಏರುವ ರೀತಿ ಮೋಸದ್ದು. ವಾರಗಟ್ಟಲೆ, ತಿಂಗಳುಗಟ್ಟಲೆ ಯಕೃತ್ತಿನಲ್ಲಿ ತಾಮ್ರ ಕೂಡುತ್ತ ಹೋಗುತ್ತದೆ. ಕುರಿ ಮೇಯುತ್ತದೆ, ಮೆಲುಕು ಹಾಕುತ್ತದೆ, ಮರಿ ಹಾಕುತ್ತದೆ. ನೋಡುವವರಿಗೆ ಯಾವ ಲಕ್ಷಣವೂ ಕಾಣದು. ಹೀಗಿರುವಾಗ ಒಂದು ದಿನ ದೂರದ ನಡಿಗೆ, ಹಸಿವು, ಅಕಾಲದ ಮಳೆ, ಲಾರಿಯ ಪ್ರಯಾಣ, ಇಂಥ ಯಾವುದಾದರೊಂದು ದಣಿವು ಒದಗುತ್ತದೆ. ತುಂಬಿದ ಯಕೃತ್ತಿನ ಕೋಶಗಳು ಒಡೆದು ತಾಮ್ರ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ, ಕೆಂಪು ರಕ್ತಕಣಗಳು ಸಿಡಿದು ಕರಗುತ್ತವೆ. ಕಣ್ಣು, ವಸಡು ಹಳದಿಯಾಗುತ್ತವೆ, ಮೂತ್ರ ಕಪ್ಪುಗೆಂಪಾಗುತ್ತದೆ. ಒಂದೆರಡು ದಿನಗಳಲ್ಲಿ ಕುರಿ ಉರುಳುತ್ತದೆ. ಕೊಯ್ದು ನೋಡಿದರೆ ಮೂತ್ರಪಿಂಡಗಳು ಬಂದೂಕಿನ ನಳಿಗೆಯಂತೆ ನೀಲಿಗಪ್ಪು. ಕುರಿಗಾಹಿ ಅದನ್ನು ಕಾಮಾಲೆ ಎನ್ನುತ್ತಾನೆ, ಉಣ್ಣೆ ಜ್ವರ ಎನ್ನುತ್ತಾನೆ, ದೇವರ ಮುನಿಸು ಎನ್ನುತ್ತಾನೆ. ಅವನದು ತಪ್ಪಲ್ಲ. ಉಣ್ಣೆಯಿಂದ ಹರಡುವ ರಕ್ತದ ರೋಗಗಳಲ್ಲೂ ಇಲಿಜ್ವರದಲ್ಲೂ ಇದೇ ಲಕ್ಷಣಗಳಿರುತ್ತವೆ. ತಪ್ಪು ಏನಿದ್ದರೂ, ಸತ್ತ ಕುರಿಯ ಯಕೃತ್ತಿನ ಚೂರೊಂದನ್ನು ತಾಮ್ರಕ್ಕಾಗಿ ಪರೀಕ್ಷೆಗೆ ಕಳಿಸಬೇಕೆಂಬ ಯೋಚನೆ ಬಾರದ ವ್ಯವಸ್ಥೆಯದು.

ಇಲ್ಲಿ ಗಮನಿಸಬೇಕಾದದ್ದು, ತಾಮ್ರ ತಿಂದ ಜಾಗವೇ ಬೇರೆ, ಸತ್ತ ಜಾಗವೇ ಬೇರೆ ಎಂಬುದು. ಮೂರು ತಿಂಗಳ ಹಿಂದೆ ಯಾವುದೋ ತೋಟದ ಬದುವಿನಲ್ಲಿ ಮೇಯ್ದ ಹುಲ್ಲಿಗೆ ನೂರು ಮೈಲಿ ದೂರದ ಹಟ್ಟಿಯಲ್ಲಿ ಬೆಲೆ ತೆರಬೇಕಾಗುತ್ತದೆ. ತೋಟದವನನ್ನು ಕೇಳಿದರೆ ನನ್ನಲ್ಲಿ ಒಂದು ಕುರಿಯೂ ಸಾಯಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲ. ಅವನು ಹೇಳುವುದು ನಿಜವೇ. ತಡವಾಗಿ ಮತ್ತು ಬೇರೆಡೆ ಕೊಲ್ಲುವ ವಿಷಕ್ಕೆ ಆರೋಪಿಯೇ ಸಿಗುವುದಿಲ್ಲ. ಆದ್ದರಿಂದಲೇ ತಾಮ್ರದ ಲೆಕ್ಕವನ್ನು ಸಾವಿನ ಕಡೆಯಿಂದ ಹಿಡಿಯಲಾಗದು, ಒಳಹೋಗುವ ಕಡೆಯಿಂದಲೇ ಹಿಡಿಯಬೇಕು.

ಒಳಹೋಗುವ ಕಡೆಗಳು ಯಾವುವು? ದನಗಳಿಗೆಂದು ತಯಾರಾದ ಖನಿಜ ಮಿಶ್ರಣವನ್ನೇ ಕುರಿಗಳಿಗೂ ಸುರಿಯುವುದು ಒಂದು. ಮ್ಯಾಸಬೇಡರ ದೇವರ ಎತ್ತು ಅರಗಿಸಿಕೊಳ್ಳುವುದನ್ನು ಪಕ್ಕದ ಗೊಲ್ಲರಹಟ್ಟಿಯ ಕುರಿ ಅರಗಿಸಿಕೊಳ್ಳಲಾರದು ಎಂಬ ಸರಳ ಸಂಗತಿಯನ್ನು ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆಯಲು ಏನು ಖರ್ಚು? ಗೊರಸು ಕೊಳೆತಾಗ ಕಾಲು ತೊಳೆಯಲು ಕಲಸಿಟ್ಟ ಮೈಲುತುತ್ತದ ನೀರನ್ನು ಬಾಯಾರಿದ ಕುರಿ ಕುಡಿಯುವುದು ಇನ್ನೊಂದು. ಕೋಳಿಫಾರಂ ಗೊಬ್ಬರ ಹಾಕಿದ ಹೊಲದಲ್ಲಿ ಮೇಯಿಸುವುದು ಮತ್ತೊಂದು. ಕೋಳಿ ಆಹಾರದಲ್ಲಿ ತಾಮ್ರ ಧಾರಾಳವಾಗಿರುತ್ತದೆ, ಅದರ ಬಹುಪಾಲು ಹಿಕ್ಕೆಯಲ್ಲೇ ಹೊರಬರುತ್ತದೆ. ಇವೆಲ್ಲಕ್ಕಿಂತ ದೊಡ್ಡ ದಾರಿ ಬೋರ್ಡೋ ದ್ರಾವಣ ಮತ್ತು ಅದರ ಜಾತಿಯ ತಾಮ್ರದ ಔಷಧಿಗಳು ಬಿದ್ದ ತೋಟದ ಹುಲ್ಲು.

ಕುದಾಪುರದ ಕುರಿ ತೋಟದ ಹುಲ್ಲಿಗೆ ಏಕೆ ಬಾಯಿ ಹಾಕಬೇಕು? ಅದಕ್ಕೆ ತನ್ನದೇ ಕಾವಲು ಇತ್ತಲ್ಲ! ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ, ಹೈದರ್ ಮತ್ತು ಟಿಪ್ಪು ಕಾಲದ ಅಮೃತಮಹಲ್ ದನಗಳ ಕಾಲದಿಂದ ಕಾದಿಟ್ಟ ಹುಲ್ಲುಗಾವಲು ಅದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ ಕುರಿ, ಮೇಕೆ, ದನ, ಕೃಷ್ಣಮೃಗ, ಎರೆಭೂತ ಹಕ್ಕಿ ಎಲ್ಲವೂ ಅದನ್ನೇ ನಂಬಿದ್ದವು. 2010ರ ಆಸುಪಾಸಿನಲ್ಲಿ ಈ ಕಾವಲುಗಳ ಸಾವಿರಾರು ಎಕರೆಯನ್ನು ಸರ್ಕಾರ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ. ಹಳ್ಳಿಗರು ಬೀದಿಗಿಳಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಗೋಡೆಗಳು ಎದ್ದವು. 2017ರಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಈ ಕಥೆ ಚಳವಳಿಯ ಓದುಗರಿಗೆ ಹೊಸದಲ್ಲ. ಆದರೆ ಗೋಡೆ ಕಟ್ಟಿದ ದಿನ ಕುರಿಯ ಹಸಿವಿಗೆ ಗೋಡೆ ಕಟ್ಟಲಾಗಲಿಲ್ಲ. ಕಾವಲು ಕಿರಿದಾದಷ್ಟೂ ಮಂದೆ ರಸ್ತೆಬದಿಗೆ, ಕೊಯ್ಲಾದ ಹೊಲಕ್ಕೆ, ತೋಟದ ಬದುವಿಗೆ ಸರಿಯಲೇಬೇಕು. ಅದೇ ವರ್ಷಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಜಿಲ್ಲೆಯ ತುಂಬ ದಾಳಿಂಬೆ ತೋಟಗಳು ಎದ್ದವು. ದಾಳಿಂಬೆಯ ದುಂಡಾಣು ಅಂಗಮಾರಿಗೆ ಶಿಫಾರಸಾದ ಮದ್ದುಗಳಲ್ಲಿ ಬೋರ್ಡೋ ದ್ರಾವಣ, ಕಾಪರ್ ಆಕ್ಸಿಕ್ಲೋರೈಡ್ ಮುಖ್ಯವಾದವು. ಹೊಳಲ್ಕೆರೆ, ಚನ್ನಗಿರಿ ಕಡೆಗೆ ನಡೆದರೆ ಅಡಿಕೆ.

ಈಗ ಒಂದು ಸಣ್ಣ ಲೆಕ್ಕ. ಶೇಕಡ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ಕಾಲುಭಾಗ ತಾಮ್ರ. ಅಂದರೆ ಒಂದು ಲೀಟರ್ ದ್ರಾವಣದಲ್ಲಿ 2,500 ಮಿ.ಗ್ರಾಂ. ತಾಮ್ರ. ಗಿಡದಿಂದ ತೊಟ್ಟಿಕ್ಕಿದ ಒಂದೇ ಒಂದು ಲೀಟರ್, ಒಣಗಿಸಿದರೆ 10 ಕಿಲೋ ತೂಗುವಷ್ಟು ಹುಲ್ಲಿನ ಮೇಲೆ ಬಿತ್ತೆನ್ನಿ. ಆ ಹುಲ್ಲಿನಲ್ಲಿ ಕಿಲೋಗೆ 250 ಮಿ.ಗ್ರಾಂ. ತಾಮ್ರ ಸೇರಿತು. ಕುರಿಯ ಮಿತಿಗಿಂತ ಹದಿನಾರು ಪಟ್ಟಿಗೂ ಹೆಚ್ಚು. ಮಳೆ ಬಂದು ಹುಲ್ಲು ತೊಳೆದರೆ ಕುರಿಗೆ ಕ್ಷೇಮ, ಮಣ್ಣಿಗೆ ಅಲ್ಲ. ಮಳೆಯೇ ಬಾರದ ಚಳ್ಳಕೆರೆಯಲ್ಲಿ ತೊಳೆಯುವವರು ಯಾರು?

ಇನ್ನು ಮಲೆನಾಡಿನ ಸರದಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ಬೇಲಿಬದಿಯ ಬಳ್ಳಿಗಳಿಗೆ ತೋಟದವರು ಸುಣ್ಣ ಮತ್ತು ಮೈಲುತುತ್ತ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ಕಂಡ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಮದ್ದಾಗಿ ಪ್ರಕಟಿಸಿದ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿ, ಇದೇ ದ್ರಾವಣವನ್ನು ತೋಟಗಳಿಗೆ ತಂದರು. ಅದುವರೆಗೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ತೋಟದವರಿಗೆ ಅದು ವರವಾಗಿಯೇ ಒದಗಿತು. ಕೊಳೆ ಬಿದ್ದ ವರ್ಷ ಅಂಗಳದಲ್ಲಿ ಅಡಿಕೆಯೇ ಇಲ್ಲದ ಮನೆಯ ಸಂಕಟ ಗೊತ್ತಿರುವ ಯಾರೂ ಕೋಲ್‌ಮನ್ನರನ್ನು ಹಳಿಯಲಾರರು. ಹಳಿಯಬೇಕಾದದ್ದು, ಒಂದು ಶತಮಾನಕ್ಕೂ ಮಿಕ್ಕಿ ಸುರಿದ ಮೇಲೂ ಎಷ್ಟು ಸುರಿದೆವೆಂದು ಕೂಡಿ ನೋಡದ ಅಲಕ್ಷ್ಯವನ್ನು.

ಎಕರೆಗೆ ಎರಡು ಡ್ರಮ್, ಅಂದರೆ 400 ಲೀಟರ್, ಮೂರು ಸುತ್ತು ಹೊಡೆದರೆ ವರ್ಷಕ್ಕೆ 3 ಕಿಲೋ ತಾಮ್ರ. ಹೆಕ್ಟೇರಿಗೆ 7 ಕಿಲೋ ಮೀರುತ್ತದೆ. ಎಲೆಚುಕ್ಕಿ ರೋಗ ಹಬ್ಬಿದ ಈಚಿನ ವರ್ಷಗಳಲ್ಲಿ ಸಿಂಪಡಣೆಯ ಸುತ್ತುಗಳು ಇನ್ನೂ ಹೆಚ್ಚಿವೆ. ಬೋರ್ಡೋ ಹುಟ್ಟಿದ ಯುರೋಪಿನಲ್ಲೇ 2018ರ ಕಾನೂನು ಏಳು ವರ್ಷಗಳಿಗೆ ಹೆಕ್ಟೇರಿಗೆ 28 ಕಿಲೋ ಮಾತ್ರ ಎಂದು ಗೆರೆ ಎಳೆದಿದೆ. ಸರಾಸರಿ ವರ್ಷಕ್ಕೆ 4 ಕಿಲೋ. ಅಲ್ಲಿನ ಹಳೆಯ ದ್ರಾಕ್ಷಿ ತೋಟಗಳ ಕೆಲವೆಡೆ ಕಿಲೋ ಮಣ್ಣಿನಲ್ಲಿ 200 ಮಿ.ಗ್ರಾಂ. ಮೀರಿದ ತಾಮ್ರ ಕಂಡುಬಂದ ಮೇಲೆ ಅವರಿಗೆ ಬುದ್ಧಿ ಬಂತು. ಲೋಹ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮೇಲ್ಮಣ್ಣಿನಲ್ಲೇ ಕೂರುತ್ತದೆ. ಎರೆಹುಳುವಿಗೆ, ಬೇರಿನ ಶಿಲೀಂಧ್ರಗಳಿಗೆ ಕುತ್ತಾಗುತ್ತದೆ. ಮಲೆನಾಡಿನ ಹುಳಿಮಣ್ಣಿನಲ್ಲಿ ಅದು ಸುಣ್ಣದಂಶವಿರುವ ಬಯಲಿನ ಮಣ್ಣಿಗಿಂತ ಹೆಚ್ಚು ಚುರುಕಾಗಿರುತ್ತದೆ. ಸಾವಯವ ಕೃಷಿಯ ನಿಯಮಗಳಲ್ಲೂ ಬೋರ್ಡೋಗೆ ಅನುಮತಿಯಿದೆ ಎಂದು ಬೀಗುವವರು, ಆ ಅನುಮತಿ ನಿರ್ಬಂಧಸಹಿತವಾದದ್ದು ಎಂಬ ಉಳಿದರ್ಧವನ್ನು ಓದುವುದಿಲ್ಲ.

ಸರ್ಕಾರದ ಮಣ್ಣು ಆರೋಗ್ಯ ಚೀಟಿಯನ್ನು ನೋಡಿ. 2015ರಲ್ಲಿ ಆರಂಭವಾದ ಈ ಯೋಜನೆಯ ಹನ್ನೆರಡು ಅಂಶಗಳಲ್ಲಿ ತಾಮ್ರವೂ ಒಂದು. ಆದರೆ ಅದನ್ನು ಅಳೆಯುವುದು ಕೊರತೆ ಇದೆಯೇ ಎಂದು ತಿಳಿಯಲು ಮಾತ್ರ. ಗಿಡಕ್ಕೆ ದೊರಕುವ ತಾಮ್ರ 0.2 ಪಿಪಿಎಂ ಮೀರಿದರೆ ಸಾಕಷ್ಟಿದೆ ಎಂದು ಬರೆದು ಕೈತೊಳೆದುಕೊಳ್ಳಲಾಗುತ್ತದೆ. ಅದು ಆ ಗೆರೆಯ ಎರಡು ಪಟ್ಟಿದ್ದರೂ ಇನ್ನೂರು ಪಟ್ಟಿದ್ದರೂ ಚೀಟಿಯ ಭಾಷೆ ಒಂದೇ: ಸಾಕಷ್ಟಿದೆ. ವೈದ್ಯನೊಬ್ಬ ಕಡಿಮೆ ರಕ್ತದೊತ್ತಡವನ್ನು ಮಾತ್ರ ಗುರುತಿಸಿ, ಹೆಚ್ಚಿದ್ದರೆಲ್ಲ ಒಳ್ಳೆಯದೆಂದು ಬರೆದುಕೊಟ್ಟಂತಾಯಿತು ಇದು. ಮೈಲುತುತ್ತಕ್ಕೆ ಸಹಾಯಧನ ಕೊಡುವ ಇಲಾಖೆಗೂ ಮಣ್ಣು ಪರೀಕ್ಷಿಸುವ ಇಲಾಖೆಗೂ ನಡುವೆ ಒಂದು ಕಾರಿಡಾರಿನ ದೂರವಿರಬಹುದು. ಆ ಕಾರಿಡಾರನ್ನು ದಾಟಿದವರನ್ನು ಕಾಣೆವು.

ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಲೆಕ್ಕವೂ ಹೀಗೇ. ಅವನ ತಲೆಯ ಮೇಲೇ ನೀಲಿ ಮಂಜು ಇಳಿಯುತ್ತದೆ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಗಂಟುಗಳಾದ ರೋಗವನ್ನು ಅಲ್ಲಿನ ವೈದ್ಯರು 1969ರಲ್ಲೇ ವರದಿ ಮಾಡಿದರು. ಕ್ಷಯವೆಂದು ತಪ್ಪಾಗಿ ತಿಳಿಯಬಹುದಾದ ರೋಗ ಅದು. ಹತ್ತಾರು ಹಂಗಾಮು ಔಷಧಿ ಹೊಡೆದ ನಮ್ಮ ಕೂಲಿಕಾರರ ಎದೆಯ ಚಿತ್ರ ತೆಗೆಸುವ ಹೊಣೆ ಯಾರದೆಂದು ಯಾವ ಸಹಕಾರ ಸಂಘದ ಸರ್ವಸದಸ್ಯರ ಸಭೆಯಲ್ಲಾದರೂ ಕೇಳಿ ನೋಡಿ. ದೋಟಿ ಬಂದಿದೆ, ಡ್ರೋನ್ ಬಂದಿದೆ ಎಂಬ ಉತ್ತರ ಬರುತ್ತದೆ. ಈಗಾಗಲೇ ಉಸಿರಾಡಿದ್ದಕ್ಕೆ ಉತ್ತರ ಅದಲ್ಲ.

ಇಷ್ಟೆಲ್ಲ ಅಳೆಯದೆ ಬಿಟ್ಟ ಸಮಾಜ, ತಾಮ್ರದ ಬಗ್ಗೆ ಮಾತನಾಡುವುದೇ ಇಲ್ಲವೆಂದಲ್ಲ. ಬೇಡವಾದ ಕಡೆ ವಿಪರೀತ ಮಾತನಾಡುತ್ತದೆ. ಒಂದು ಬದಿಯಲ್ಲಿ ತಾಮ್ರದ ಚೊಂಬಿನ ನೀರು ಸರ್ವರೋಗಕ್ಕೂ ಸಂಜೀವಿನಿ ಎನ್ನುವವರು. ಇನ್ನೊಂದು ಬದಿಯಲ್ಲಿ ನಿಮ್ಮ ಮೈಯಲ್ಲಿ ತಾಮ್ರ ಹೆಚ್ಚಿದೆ ಎಂದು ಹೆದರಿಸಿ, ಕೂದಲು ಪರೀಕ್ಷೆ ಮಾಡಿ, ದೇಹಶುದ್ಧಿಯ ಪೊಟ್ಟಣ ಮಾರುವವರು. ಎರಡೂ ವ್ಯಾಪಾರವೇ.

ಚೊಂಬಿನ ನೀರಿನ ಸತ್ಯ ಸರಳವಾದದ್ದು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿಯ ರೋಗಾಣುಗಳು ಸತ್ತವು. ನೀರಿಗೆ ಬಿಟ್ಟ ತಾಮ್ರ ಲೀಟರಿಗೆ 0.177 ಮಿ.ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿ.ಗ್ರಾಂ. ಭಾರತೀಯ ಮಾನಕದ ಅಪೇಕ್ಷಣೀಯ ಮಿತಿ 0.05, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಆರೋಗ್ಯವಂತರಿಗೆ ಆ ನೀರಿನಿಂದ ಅಪಾಯವಿಲ್ಲ. ರೋಗಾಣು ಕೊಲ್ಲುವುದಕ್ಕಿಂತ ಹೆಚ್ಚಿನ ಪವಾಡವೂ ಇಲ್ಲ. ಆದರೆ ಅದೇ ಪಾತ್ರೆಗೆ ಮಜ್ಜಿಗೆ, ನಿಂಬೆಹುಳಿ, ಹುಣಿಸೆ ಸಾರು, ಹಾಲು ಹಾಕಿದರೆ ಕಥೆ ಬೇರೆಯೇ. ಹುಳಿ ತಾಮ್ರವನ್ನು ಕರಗಿಸುತ್ತದೆ, ಹಾಲಿನ ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಅಡುಗೆ ಮಾಡಬಾರದೆಂದು ಅಜ್ಜಿಯಂದಿರು ಪಟ್ಟುಹಿಡಿಯುತ್ತಿದ್ದುದು ಸುಮ್ಮನೆ ಅಲ್ಲ.

ಕಲಾಯಿ ಇಲ್ಲದ ಪಾತ್ರೆಗೆ ತೆತ್ತ ಬೆಲೆಯೂ ದಾಖಲೆಯಲ್ಲಿದೆ. ಭಾರತದ ಬಾಲ್ಯದ ಸಿರೋಸಿಸ್ ಎಂದು ಹೆಸರಾಗಿದ್ದ ರೋಗವೊಂದು ದಶಕಗಳ ಕಾಲ ಒಂದರಿಂದ ಮೂರು ವರ್ಷದ ಕೂಸುಗಳನ್ನು ಬಲಿ ತೆಗೆದುಕೊಂಡಿತು. ಹೊಟ್ಟೆ ಉಬ್ಬಿ, ಯಕೃತ್ತು ಕಲ್ಲಾಗಿ, ಕಾಮಾಲೆ ತಗಲಿ ಮಕ್ಕಳು ಸಾಯುತ್ತಿದ್ದವು. ಪುಣೆಯ ವೈದ್ಯರು ಮತ್ತು ಬ್ರಿಟನ್ನಿನ ಟ್ಯಾನರ್ 1980ರ ದಶಕದಲ್ಲಿ ಮನೆಮನೆಯ ಪಾತ್ರೆ ವಿಚಾರಿಸಿದಾಗ, ತಾಯಿಹಾಲು ಬೇಗ ಬಿಡಿಸಿ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಸಿಟ್ಟ ಪ್ರಾಣಿಹಾಲು ಕುಡಿಸಿದ ಮನೆಗಳಲ್ಲಿ ರೋಗ ಹೆಚ್ಚಾಗಿ ಕಂಡಿತು. ಎಳೆಯ ಯಕೃತ್ತು ತಾಮ್ರವನ್ನು ಹೊರಹಾಕಲಾರದೆ ತುಂಬಿಕೊಂಡಿತ್ತು. ವಂಶವಾಹಿಯ ಒಲವೂ ಇದ್ದಿರಬೇಕೆಂಬ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಪಾತ್ರೆ ಬದಲಾಗಿ ಸ್ಟೀಲು ಬಂದಂತೆ ರೋಗವೂ ಅಪರೂಪವಾಯಿತು. ಆಸ್ಟ್ರಿಯಾದ ಟೈರೋಲ್ ಬೆಟ್ಟಸೀಮೆಯಲ್ಲೂ ಇದೇ ನಡೆದಿತ್ತು. ಕಲಾಯಿಯಿಲ್ಲದ ತಾಮ್ರದ ಪಾತ್ರೆಯ ಹಾಲು ಕುಡಿದು 1900ರಿಂದ 1974ರ ನಡುವೆ 138 ಮಕ್ಕಳು ತೀರಿಕೊಂಡವೆಂದು 1996ರ ವರದಿ ಹೇಳುತ್ತದೆ. ಪರಂಪರೆಯ ಹೆಸರಿನಲ್ಲಿ ಹೊಳೆಯುವ ಹಿತ್ತಾಳೆ, ತಾಮ್ರದ ಪಾತ್ರೆಗಳು ಪೇಟೆಯ ಅಡುಗೆಮನೆಗೆ ಮರಳುತ್ತಿರುವ ಈ ಹೊತ್ತಿನಲ್ಲಿ, ಕಲಾಯಿಯವರು ಊರಿನಿಂದ ಮರೆಯಾಗಿದ್ದಾರೆ ಎಂಬುದನ್ನು ಮಾರುವವರು ಹೇಳುವುದಿಲ್ಲ.

ದೇಹಶುದ್ಧಿಯ ವ್ಯಾಪಾರ ಇನ್ನೂ ಕ್ರೂರವಾದದ್ದು. ರಕ್ತದ ವರದಿಯಲ್ಲಿ ತಾಮ್ರ ಹೆಚ್ಚೆಂದು ಬಂದ ಮಾತ್ರಕ್ಕೆ ಮೈಯಲ್ಲಿ ತಾಮ್ರ ಕೂಡಿದೆ ಎಂದಲ್ಲ. ಬಸುರಿಯರಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ, ಸೋಂಕು ಉರಿಯೂತ ಇರುವವರಲ್ಲಿ ತಾಮ್ರ ಹೊರುವ ಪ್ರೋಟೀನು ಏರುವುದರಿಂದ ಆ ಅಂಕಿಯೂ ಏರುತ್ತದೆ. ಅದು ರೋಗವಲ್ಲ. ನಿಜವಾಗಿ ತಾಮ್ರ ತುಂಬಿ ಸಾಯುವವನ ರಕ್ತದ ವರದಿಯಲ್ಲಿ ಅಂಕಿ ಬಹುಮಟ್ಟಿಗೆ ಕಡಿಮೆಯೇ ಇರುತ್ತದೆ! ಆ ರೋಗದ ಹೆಸರು ವಿಲ್ಸನ್ ಕಾಯಿಲೆ. 1912ರಲ್ಲಿ ವಿಲ್ಸನ್ ವಿವರಿಸಿದ ಇದರ ದೋಷಪೂರ್ಣ ವಂಶವಾಹಿ ಪತ್ತೆಯಾದದ್ದು 1993ರಲ್ಲಿ. ತಾಮ್ರವನ್ನು ಪಿತ್ತರಸಕ್ಕೆ ಸಾಗಿಸುವ ಪಂಪು ಇವರ ಯಕೃತ್ತಿನಲ್ಲಿ ಹುಟ್ಟಿನಿಂದಲೇ ಕೆಲಸ ಮಾಡದು. ಕುರಿಗೆ ಕಿರಿದಾದ ಹೆದ್ದಾರಿ ಇವರಿಗೆ ಮುಚ್ಚಿಯೇ ಇರುತ್ತದೆ. ತಾಮ್ರ ಮೊದಲು ಯಕೃತ್ತನ್ನು, ಬಳಿಕ ಮಿದುಳನ್ನು ತುಂಬುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗನ ಕೈಬರಹ ಕೆಡುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಸ್ವಭಾವ ಬದಲಾಗುತ್ತದೆ. ಮನೆಯವರು ಮಂತ್ರವಾದಿಯ ಬಳಿ ಹೋಗುತ್ತಾರೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದುಹೊನ್ನಿನ ಉಂಗುರ ಕಾಣಿಸಿಕೊಂಡಿರುತ್ತದೆ, ನೋಡುವವರಿಲ್ಲ.

ಇದು ಎಲ್ಲೋ ದೂರದ ರೋಗವಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಯಾದ್ದರಿಂದ, ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆಯಾಗುವ ನಮ್ಮ ಮನೆಗಳಲ್ಲಿ ಅದರ ಸಂಭವ ಹೆಚ್ಚು. ಮನೆಯಲ್ಲಿ ಒಂದು ಮಗುವಿಗೆ ಬಂದಿದ್ದರೆ ಒಡಹುಟ್ಟಿದವರೆಲ್ಲರನ್ನೂ ಪರೀಕ್ಷಿಸಲೇಬೇಕು. ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಪಾಲು ಸಾಧ್ಯತೆಯಿದೆ. ಕೂದಲು ಪರೀಕ್ಷೆಯಿಂದ ಇದು ತಿಳಿಯದು. ಕಣ್ಣಿನ ಪರೀಕ್ಷೆ, ತಾಮ್ರ ಹೊರುವ ಪ್ರೋಟೀನಿನ ಅಳತೆ, 24 ಗಂಟೆಯ ಮೂತ್ರದಲ್ಲಿ ತಾಮ್ರದ ಅಳತೆ, ಇವುಗಳಿಂದ ತಿಳಿಯುತ್ತದೆ. ಮದ್ದೂ ಇದೆ. 1956ರಲ್ಲಿ ವಾಲ್ಶ್ ಎಂಬ ಬ್ರಿಟಿಷ್ ವೈದ್ಯ ಬಳಕೆಗೆ ತಂದ ಪೆನಿಸಿಲಮೈನ್ ತಾಮ್ರವನ್ನು ಕಟ್ಟಿ ಮೂತ್ರಕ್ಕೆ ಎಳೆಯುತ್ತದೆ. ಟ್ರಯಂಟಿನ್ ಕೂಡ ಅದೇ ಕೆಲಸ ಮಾಡುತ್ತದೆ. ಸತುವಿನ ಲವಣ ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ. ಬೇಗ ಹಿಡಿದರೆ ಮಗು ಎಲ್ಲರಂತೆ ಬಾಳುತ್ತದೆ. ಆದರೆ ಮದ್ದು ಜೀವನಪರ್ಯಂತ. ನಡುವೆ ನಿಲ್ಲಿಸಿದವರು ಯಕೃತ್ತು ಸೋತು ಸತ್ತ ನಿದರ್ಶನಗಳು ವೈದ್ಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ನಮ್ಮ ಪೊಟ್ಟಣ ಸೇವಿಸಿ, ಇಂಗ್ಲಿಷ್ ಔಷಧಿ ಬಿಟ್ಟುಬಿಡಿ ಎನ್ನುವವನು ಇಂಥ ಮನೆಗೆ ಮೃತ್ಯುವನ್ನೇ ಮಾರುತ್ತಾನೆ. ಈ ರೋಗಿಗಳಿಗೆ ತಾಮ್ರದ ಚೊಂಬಿನ ನೀರು ಖಂಡಿತ ಬೇಡ. ಪ್ರಾಣಿಗಳ ಯಕೃತ್ತು, ಸಿಗಡಿ, ಏಡಿ, ಚಿಪ್ಪು, ಗೋಡಂಬಿ, ಅಣಬೆ, ಚಾಕೊಲೇಟುಗಳನ್ನೂ ವೈದ್ಯರನ್ನು ಕೇಳಿಯೇ ತಿನ್ನಬೇಕು. ಪೆನಿಸಿಲಮೈನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಮೊಳಕಾಲ್ಮೂರಿನ ತಾಲ್ಲೂಕು ಆಸ್ಪತ್ರೆಯ ಪಟ್ಟಿಯಲ್ಲೂ ಇರಲಿ ಎಂದು ಕೇಳುವುದು ದುರಾಸೆಯೇ?

ಕುರಿಗೂ ಚಿಕಿತ್ಸೆಯಿದೆ. ಅಮೋನಿಯಂ ಮಾಲಿಬ್ಡೇಟ್ ಜೊತೆ ಗಂಧಕದ ಲವಣ ಕುಡಿಸಿದರೆ ತಾಮ್ರ ಕಟ್ಟಿಹೋಗುತ್ತದೆ. ಪಶುವೈದ್ಯರೇ ಅಳೆದು ಕೊಡಬೇಕಾದ ಮದ್ದು ಅದು. ಮೂತ್ರ ಕಪ್ಪಾದ ಕುರಿಗೆ ಅದರಿಂದ ಹೆಚ್ಚು ಪ್ರಯೋಜನವಾಗದು, ಅದೇ ಮಂದೆಯ ಉಳಿದ ಕುರಿಗಳನ್ನು ಉಳಿಸಬಹುದು. ಅದಕ್ಕೆ ಮೊದಲ ಕುರಿ ಸತ್ತಾಗಲೇ ಯಕೃತ್ತು ಮತ್ತು ಮೂತ್ರಪಿಂಡದ ಚೂರು ಪ್ರಯೋಗಾಲಯ ಸೇರಬೇಕು. ಕುದಾಪುರದ ಗೋಡೆಯೊಳಗೆ ಭಾರತೀಯ ವಿಜ್ಞಾನ ಸಂಸ್ಥೆ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ. ಒಳ್ಳೆಯ ಕೆಲಸ. ಆ ಶಿಕ್ಷಕರು ಗೋಡೆಯ ಹೊರಗಿನ ಹುಲ್ಲು, ಮಣ್ಣು, ಉಣ್ಣೆಯಲ್ಲಿ ತಾಮ್ರ ಅಳೆಯುವುದನ್ನೇ ಪಾಠವಾಗಿಸಿದರೆ ಕಾವಲು ಕಳೆದುಕೊಂಡವರ ಋಣದಲ್ಲಿ ಒಂದು ಕಾಸಾದರೂ ತೀರೀತು. ಮಣ್ಣು ಚೀಟಿಯಲ್ಲಿ ಕೊರತೆಯ ಗೆರೆಯ ಜೊತೆಗೆ ಅತಿಯ ಗೆರೆಯೂ ಮುದ್ರಣವಾಗಬೇಕು. ಐವತ್ತು ವರ್ಷ ಮೈಲುತುತ್ತ ಕಂಡ ತೋಟಗಳಿಂದ ಆ ಪರೀಕ್ಷೆ ಆರಂಭವಾಗಬೇಕು.

ಮೈಲುತುತ್ತ ಬಿಟ್ಟರೆ ಅಡಿಕೆ ಉಳಿಯುತ್ತದೆಯೇ ಎಂದು ತೋಟದವರು ಕೇಳುತ್ತಾರೆ. ಪೂರ್ತಿ ಬಿಡಿ ಎಂದು ಇಲ್ಲಿ ಹೇಳುತ್ತಿಲ್ಲ. ಬಸಿಗಾಲುವೆ ತೆರೆದು, ಕೊಳೆತ ಉದುರುಗಾಯಿ ಹೆಕ್ಕಿ ತೆಗೆದು, ತಗ್ಗಿನ ಮರಗಳ ಕೊನೆಗೆ ಮಳೆಗೆ ಮುನ್ನ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೆ ಒಂದು ಸುತ್ತು ಉಳಿಸಬಹುದು. ಸುಣ್ಣ ಸರಿಯಾಗಿ ಬೆರೆತಿದೆಯೇ ಎಂದು ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡಿ, ತಾಮ್ರ ಮೆತ್ತದಿದ್ದರೆ ಮಾತ್ರ ಹೊಡೆಯುವ ಹಳೆಯ ಕ್ರಮವನ್ನಾದರೂ ಪಾಲಿಸಬೇಕು. ಎಷ್ಟು ಮೈಲುತುತ್ತ ತಂದೆವು, ಯಾವ ತುಂಡಿಗೆ ಎಷ್ಟು ಬಿತ್ತು ಎಂದು ಅಡಿಕೆ ತೂಕದ ಪುಸ್ತಕದಲ್ಲೇ ಒಂದು ಸಾಲು ಬರೆಯಬೇಕು. ಔಷಧಿ ಹೊಡೆದ ತೋಟದ ಹುಲ್ಲು ಮತ್ತು ಹಾಳೆಯನ್ನು ಆ ಹಂಗಾಮಿನಲ್ಲಿ ಕುರಿಗೆ ಹಾಕಬಾರದು. ಮಳೆ ಚೆನ್ನಾಗಿ ತೊಳೆದ ಮೇಲೆ ದನಕ್ಕೆ ಹಾಕಲಿ. ಹೊಳಲ್ಕೆರೆ, ಚನ್ನಗಿರಿಯ ತೋಟಗಳಿಗೆ, ಚಳ್ಳಕೆರೆಯ ದಾಳಿಂಬೆಗೆ ಮಂದೆ ಬರುವ ಮುನ್ನ ಔಷಧಿ ಬಿದ್ದ ದಿನ ಮಂದೆಯವರಿಗೆ ತಿಳಿದಿರಬೇಕು. ಕುರಿಗಾಹಿಗಳ ಬಳಿ ಈಗ ಮೊಬೈಲ್ ಇದೆ. ಗೊಬ್ಬರದ ಲಾರಿ ತರಿಸಲು ಕರೆ ಮಾಡುವ ಅದೇ ನಂಬರಿಗೆ ಇದನ್ನೂ ಹೇಳಬಹುದು.